ಅಂಗಳದಲ್ಲಿ ತೆಗೆದ ಫೋಟೋ

ಕಳೆದ ದೊಡ್ಡಹಬ್ಬಕ್ಕೆ ತವರಿಗೆ ಹೋಗಿದ್ದೆ. ಗೋಪೂಜೆ ಮುಗಿದು, ಹೋಳಿಗೆ ಊಟವಾಗಿ, ಗಂಡಸರು ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದ ಹೊತ್ತು. ಅಣ್ಣನ ಮಗ ಟಿವಿಗೆ ಪೆನ್ ಡ್ರೈವ್ ಸಿಕ್ಕಿಸಿ, "ಎಲ್ಲರೂ ಬನ್ನಿ, ಚಿಕ್ಕಜ್ಜನ ಸಿನಿಮಾ ಬಂದಿದೆ" ಎಂದು ಕೂಗಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ನಾವೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತೆವು.

1978ರ ಜನವರಿಯಲ್ಲಿ ಅಮೆರಿಕದಿಂದ ಬಂದಿದ್ದ ಚಿಕ್ಕಪ್ಪ ತೆಗೆದ ನಾಲ್ಕು ರೀಲುಗಳು ಅವು. ಸೂಪರ್ 8 ಎನ್ನುವ ಸಣ್ಣ ಕ್ಯಾಮೆರಾ. ಮನೆಮಂದಿಯೇ ಸಿನಿಮಾ ತೆಗೆದುಕೊಳ್ಳಲಿ ಎಂದು ಕೊಡಕ್ ಕಂಪನಿ 1965ರಲ್ಲಿ ಹೊರತಂದ ಪದ್ಧತಿ. 50 ಅಡಿಯ ಒಂದು ರೀಲು ಓಡುವುದು 3 ನಿಮಿಷ 20 ಸೆಕೆಂಡು. ಧ್ವನಿ ಇಲ್ಲ. ಎಂದರೆ ನನ್ನ ಬಾಲ್ಯದ ತೋಟ, ಮನೆ, ಕೊಟ್ಟಿಗೆ, ಅಜ್ಜ, ಅಪ್ಪಯ್ಯ, ಅಡಿಕೆ ಕೊಯ್ಲು, ಜಡೆ ಹಾಕಿದ ನಾನು ಎಲ್ಲ ಸೇರಿ 13 ನಿಮಿಷ ಚಿಲ್ಲರೆ. ಚಿಕ್ಕಪ್ಪ 1991ರಲ್ಲಿ ಅದನ್ನು ವಿಡಿಯೋ ಕ್ಯಾಸೆಟ್ಟಿಗೆ ಹಾಕಿಸಿ ಕಳಿಸಿದ್ದ. ಅಮೆರಿಕದ ಕ್ಯಾಸೆಟ್ಟಿನ ಪದ್ಧತಿಯೇ ಬೇರೆ, ನಮ್ಮ ವಿಸಿಆರಿನದೇ ಬೇರೆ. ಸಾಗರದಿಂದ ಬಾಡಿಗೆಗೆ ತಂದ ವಿಸಿಆರಿನಲ್ಲಿ ಬಣ್ಣವಿಲ್ಲದ ಗೆರೆಗಳು ಉರುಳುವುದನ್ನಷ್ಟೇ ನೋಡಿ, ಮನೆಮಂದಿಯೆಲ್ಲ ಒಂದು ಸಂಜೆ ಹಾಳುಮಾಡಿಕೊಂಡಿದ್ದೆವು. ಈಗ ಚಿಕ್ಕಪ್ಪ ಇಲ್ಲ. ಅವನ ಮಗಳು ಮೂಲ ರೀಲನ್ನೇ ಹೊಸದಾಗಿ ಕಂಪ್ಯೂಟರಿಗೆ ಹಾಕಿಸಿ ಕಳಿಸಿದ್ದಾಳೆ.

ಆ ಬಣ್ಣ ಎಂಥದು ಎನ್ನುತ್ತೀರಿ! ಕೊಡಾಕ್ರೋಮ್ ಫಿಲ್ಮನ್ನು ಕತ್ತಲಲ್ಲಿಟ್ಟರೆ ದಶಕಗಳ ಕಾಲ ಮಾಸುವುದಿಲ್ಲವಂತೆ. ನಿಜವಿರಬೇಕು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಎಲ್ಲರ ಮುಖವೂ ಕೆಂಪು ಮಣ್ಣು ಬಳಿದಂತಾಗಿದೆ. ಅದಕ್ಕಿಂತ ಹದಿನೈದು ವರ್ಷ ಹಿಂದಿನ ಈ ರೀಲಿನಲ್ಲಿ ಹಣ್ಣಡಿಕೆಯ ಗೊನೆ ನಿನ್ನೆ ಇಳಿಸಿದ ಹಾಗಿದೆ. ಅಂಗಳದಲ್ಲಿ ಬಿಸಿಲು. ಹಂಡೆಯಿಂದ ಹಬೆ. ಅಜ್ಜ ಹಾಳೆಟೋಪಿ ಹಾಕಿಕೊಂಡು ಕ್ಯಾಮೆರಾದ ಕಡೆ ನೋಡಿ ಏನೋ ಬೈದು ನಗುತ್ತಾನೆ. ಜಗುಲಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಅತ್ತಿಗೆ ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇಕೆ? ಮುಗಿದ ಮೇಲೆ ಅಣ್ಣ ನಿಟ್ಟುಸಿರುಬಿಟ್ಟು, "ಆ ಕಾಲ ಹೋಯ್ತು, ಎಷ್ಟು ನೆಮ್ಮದಿ ಇತ್ತು" ಎಂದ. ಎಲ್ಲರೂ ತಲೆ ಆಡಿಸಿದೆವು.

ಅಮ್ಮ ಮಾತ್ರ ಆಡಿಸಲಿಲ್ಲ. ಅಮ್ಮನಿಗೆ ಈಗ ಎಂಬತ್ತು. ಕಿವಿ ಮಂದ, ಕಣ್ಣು ಚುರುಕು. "ನೆಮ್ಮದಿ ಎಂತದು? ಆ ದಿನ ನನಗೆ ಜ್ವರ" ಎಂದಳು.

ಅಮ್ಮನ ಆ ಒಂದು ಮಾತಿನಿಂದ ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು. ಮರುದಿನ ಬೆಳಿಗ್ಗೆ ಅಳಿಯನನ್ನು ಕೇಳಿಕೊಂಡು ಆ ಸಿನಿಮಾವನ್ನು ಮತ್ತೆ ಹಾಕಿಸಿ, ಉತ್ತರಪತ್ರಿಕೆ ತಿದ್ದುವ ಹಾಗೆ ಕೈಯಲ್ಲಿ ಕಾಗದ ಹಿಡಿದು ನೋಡಿದೆ. ಕತೆ, ಕಾದಂಬರಿ, ಸಿನಿಮಾಗಳನ್ನು ವಿಮರ್ಶೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಮನೆಯ ಆಲ್ಬಮ್ಮನ್ನು ಮಾತ್ರ ನಾವು ದೇವರ ಕೋಣೆಯ ಪಟದಂತೆ ನೋಡುತ್ತೇವೆ. ಅದರಲ್ಲಿ ತಪ್ಪು ಹುಡುಕುವುದು ಅಪಚಾರ. ಆದರೆ ಅದನ್ನೂ ಒಬ್ಬರು ತೆಗೆದಿದ್ದಾರೆ, ತೆಗೆಯುವಾಗ ಕೆಲವನ್ನು ಆರಿಸಿ ಕೆಲವನ್ನು ಬಿಟ್ಟಿದ್ದಾರೆ. ಹಾಗಾದರೆ ಅದೂ ವಿಮರ್ಶೆಗೆ ಸಿಕ್ಕಲೇಬೇಕಲ್ಲ?

ಮೊದಲು ಅಮ್ಮನ ಲೆಕ್ಕ. 13 ನಿಮಿಷದಲ್ಲಿ ಅಮ್ಮ ಮೂರು ಸಲ ಕಾಣಿಸುತ್ತಾಳೆ. ಒಮ್ಮೆ ಕೊಡಪಾನ ಎತ್ತಿಕೊಂಡು ಅಂಗಳ ದಾಟುವಾಗ ಬೆನ್ನು ಮಾತ್ರ. ಒಮ್ಮೆ ಅಡಿಕೆ ಸುಲಿಯುವ ಹೆಂಗಸರ ಸಾಲಿನ ಹಿಂದೆ ಕಾಫಿ ತಂದಿಟ್ಟು ಹೋಗುವ ಕೈ. ಮೂರನೆಯದರಲ್ಲಿ ಮುಖವಿದೆ, ಆದರೆ ಚಿಕ್ಕಪ್ಪ ಕ್ಯಾಮೆರಾ ತಿರುಗಿಸುತ್ತಿದ್ದಂತೆ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಓಡುತ್ತಾಳೆ. ಅದನ್ನು ನೋಡಿ ನಾವು ಹಿಂದಿನ ದಿನ "ಪಾಪ, ನಾಚಿಕೆ" ಎಂದು ನಕ್ಕಿದ್ದೆವು. ಅಮ್ಮನನ್ನು ಕೇಳಿದೆ. ನಾಚಿಕೆಯೂ ಅಲ್ಲ, ಮಣ್ಣೂ ಅಲ್ಲ. ಕೊಯ್ಲಿನ ಜನ, ನೆಂಟರು ಸೇರಿ ನಲವತ್ತು ಮಂದಿಗೆ ಅಡುಗೆ, ಒಲೆಯ ಮೇಲೆ ಸಾರು ಉಕ್ಕುತ್ತಿತ್ತು ಎಂದಳು. ಅಡಿಗೆಮನೆ ಕತ್ತಲು; ಆ ಕಾಲದ ಫಿಲ್ಮಿಗೆ ಬಿಸಿಲು ಬೇಕು. ಹೀಗಾಗಿ ನಾಲ್ಕು ರೀಲಿನಲ್ಲಿ ಅಡಿಗೆಮನೆ ಒಂದು ಕ್ಷಣವೂ ಇಲ್ಲ. ತಪ್ಪು ಚಿಕ್ಕಪ್ಪನದೂ ಅಲ್ಲ ಎನ್ನೋಣ. ಆದರೆ ಬೆಳಕು ಇರುವ ಕಡೆ ಯಾರು ಕೂತಿದ್ದರು, ಕತ್ತಲಿರುವ ಕಡೆ ಯಾರು ನಿಂತಿದ್ದರು ಎನ್ನುವುದನ್ನು ಕ್ಯಾಮೆರಾ ನಿರ್ಧರಿಸಲಿಲ್ಲ. ಅದು ಮನೆಯಲ್ಲಿ ಮೊದಲೇ ನಿರ್ಧಾರವಾಗಿತ್ತು.

ಇನ್ನು ಗದ್ದೆ. ಎರಡನೆಯ ರೀಲಿನಲ್ಲಿ ಚಿಕ್ಕಪ್ಪ ತೋಟದ ಅಂಚಿನಿಂದ ಕೆಳಗಿನ ಗದ್ದೆಬಯಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತೋರಿಸುತ್ತಾನೆ. ಬಹಳ ಚೆನ್ನಾಗಿದೆ. ಅಳಿಯನ ಹೆಂಡತಿ ಬೆಂಗಳೂರಿನ ಹುಡುಗಿ, "ಇದೆಲ್ಲ ನಮ್ಮದೇ ಆಗಿತ್ತಾ?" ಎಂದು ಕೇಳಿದಾಗ ಅಣ್ಣ "ಹೂಂ" ಎಂದ. ಆಗಲಿಲ್ಲ. 1974ರ ಭೂಸುಧಾರಣೆ ಕಾಯಿದೆ ಬಂದ ಮೇಲೆ ಗೇಣಿಗೆ ಮಾಡುತ್ತಿದ್ದವರು ಡಿಕ್ಲರೇಶನ್ ಹಾಕಿದ್ದರು. ಚಿಕ್ಕಪ್ಪ ಬಂದ ಜನವರಿಯ ಹೊತ್ತಿಗೆ ಆ ಬಯಲಿನ ಮುಕ್ಕಾಲು ಪಾಲು ನ್ಯಾಯಮಂಡಳಿಯ ತೀರ್ಪಿನಿಂದ ಅವರದಾಗಿತ್ತು. ಅಜ್ಜನೂ ಅವರೂ ಆ ವರ್ಷ ಮಾತು ಬಿಟ್ಟಿದ್ದರು. ಚಿಕ್ಕಪ್ಪನಿಗೆ ಅದು ಗೊತ್ತಿತ್ತೋ, ಗೊತ್ತಿದ್ದೂ ತೆಗೆದನೋ, ಬಲ್ಲವರಿಲ್ಲ. ದೂರದಿಂದ ಬಂದವನಿಗೆ ಅದು ತಾನು ಹುಟ್ಟಿದ ಊರಿನ ಗದ್ದೆ, ಅಷ್ಟೆ. ಆದರೆ ಈಗ ನಮ್ಮ ಮನೆಯ ಮಕ್ಕಳು ಅದನ್ನು ನೋಡಿ "ನಮ್ಮ ಗದ್ದೆ ಹೋಯಿತು" ಎಂದು ಕೊರಗಿದರೆ, ಅದು ಬೇರೆಯವರ ಬೆವರಿನ ಗದ್ದೆಗಾಗಿ ಪಡುವ ಕೊರಗು. ಚಿತ್ರಕ್ಕೆ ಖಾತೆ-ಪಹಣಿ ಇರುವುದಿಲ್ಲ. ಬಿಸಿಲು ಬಿದ್ದದ್ದೆಲ್ಲ ನೋಡುವವರದಾಗಿಬಿಡುತ್ತದೆ.

ಈ ಸಿನಿಮಾದ ನಾಯಕ ಯಾರೆಂದು ಕೇಳಿದರೆ ನಾನು ಅಜ್ಜನ ಹೆಸರು ಹೇಳುವುದಿಲ್ಲ, ಕೊನೆಗೌಡರ ಹೆಸರು ಹೇಳುತ್ತೇನೆ. ಮೂರನೆಯ ರೀಲು ಹೆಚ್ಚುಕಡಿಮೆ ಪೂರ್ತಿ ಅವರದೇ. ಕಾಲಿಗೆ ಬಳೆ ಹಾಕಿಕೊಂಡು ಮರ ಏರುವುದು, ಮೇಲೆ ಮಣೆ ಸಿಕ್ಕಿಸಿ ಕೂರುವುದು, ಗೊನೆ ಕೊಯ್ದು ಹಗ್ಗದಲ್ಲಿ ಜಾರಿಬಿಡುವುದು, ಮರದ ತುದಿಯನ್ನು ಬಗ್ಗಿಸಿ ಇಳಿಯದೆಯೇ ಪಕ್ಕದ ಮರಕ್ಕೆ ದಾಟುವುದು! ಚಿಕ್ಕಪ್ಪ ಕೆಳಗೆ ನಿಂತು ಬಾಯಿ ತೆರೆದುಕೊಂಡು ತೆಗೆದಿರಬೇಕು. ಅವರ ಹೆಸರು ಜಗುಲಿಯಲ್ಲಿದ್ದ ಹದಿನೇಳು ಮಂದಿಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. "ಕೊನೆಗೌಡ" ಎಂದರೆ ಸಾಕಾಗಿತ್ತು ನಮಗೆ. ಅಮ್ಮ ಹೇಳಿದಳು, ಹೆಸರು, ಊರು, ಹೆಂಡತಿಯ ಹೆಸರು, ಆ ವರ್ಷ ಅವರಿಗೆ ಹುಟ್ಟಿದ ಮಗುವಿನ ಹೆಸರು ಎಲ್ಲ.

ಆ ಮಗು ಈಗ ಸಾಗರದಲ್ಲಿ ಟೈಲ್ಸ್ ಹಾಕುವ ಮೇಸ್ತ್ರಿ. ಅಳಿಯ ಒಳ್ಳೆಯ ಹುಡುಗ, ಸಿನಿಮಾದಿಂದ ಒಂದು ಚಿತ್ರ ತೆಗೆದು ದೊಡ್ಡದು ಮಾಡಿಸಿ ಅವರಿಗೆ ಕೊಟ್ಟುಬಂದ. ಅವರು ಬಹಳ ಹೊತ್ತು ನೋಡಿ, "ಅಪ್ಪ ಇಷ್ಟು ತೆಳ್ಳಗಿದ್ದರಾ" ಎಂದರಂತೆ. ಆಮೇಲೆ, "ಮುಖ ಕಾಣುವುದು ಒಂದು ಇದ್ದರೆ ಕೊಡಿ, ಗೋಡೆಗೆ ಹಾಕಲಿಕ್ಕೆ" ಎಂದು ಕೇಳಿದರಂತೆ. ಅಳಿಯ ಮತ್ತೆ ಮತ್ತೆ ಓಡಿಸಿ ನೋಡಿದ. ಇಲ್ಲ. ಕ್ಯಾಮೆರಾ ಕೆಳಗಿನಿಂದ ನೋಡಿದೆ. ಪಾದ, ಬೆನ್ನು, ತೋಳು, ಕತ್ತಿ, ಆಕಾಶ. ಮೂರು ನಿಮಿಷ ಸಿನಿಮಾದಲ್ಲಿದ್ದ ಮನುಷ್ಯನ ಮುಖ ಒಂದು ಸೆಕೆಂಡೂ ಇಲ್ಲ. ಕೆಲಸವನ್ನು ಮೆಚ್ಚಿಕೊಂಡು ತೆಗೆದದ್ದೇ ಹೊರತು ಆಳನ್ನು ಗುರುತಿಟ್ಟು ತೆಗೆದದ್ದಲ್ಲ.

ಇದನ್ನು ಬರೆಯುವಾಗ ಕುಪ್ಪಳಿಯ ಕವಿಮನೆ ನೆನಪಾಗುತ್ತದೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ನಾನು ಎರಡು ಸಲ ಹೋಗಿದ್ದೇನೆ. ಕುವೆಂಪು ಅವರ ಹಿರಿಯರ ಆ ತೊಟ್ಟಿಮನೆಯನ್ನು ಬಹಳ ಶ್ರದ್ಧೆಯಿಂದ ಉಳಿಸಿಕೊಂಡಿದ್ದಾರೆ. ಹಳೆಯ ಪಾತ್ರೆ, ಬೇಸಾಯದ ಸಾಮಾನು, ಗೋಡೆಯ ಮೇಲೆ ಕುಟುಂಬದ ಫೋಟೋಗಳು. ನೆಲ ಕನ್ನಡಿಯ ಹಾಗೆ. ಅಲ್ಲಿಗೆ ಬಂದವರೆಲ್ಲ, "ಅಬ್ಬಾ, ಎಂಥ ಬದುಕು" ಎನ್ನುತ್ತಾರೆ. ಆದರೆ ಆ ಬದುಕಿನೊಳಗೆ ಏನಿತ್ತು ಎಂದು ತಿಳಿಯಬೇಕಾದರೆ ಗೋಡೆಯ ಫೋಟೋ ಸಾಲದು, 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ತೆರೆಯಬೇಕು. ಅಲ್ಲಿ ನಾಯಿಗುತ್ತಿಗೆ ಹೆಸರಿದೆ, ತಿಮ್ಮಿಗೆ ಹೆಸರಿದೆ, ಐತ-ಪೀಂಚಲು ಇದ್ದಾರೆ. ಹೆಗ್ಗಡೆಯವರ ಮನೆಯ ಫೋಟೋ ತೆಗೆಯಲು ಯಾರಾದರೂ ಬಂದಿದ್ದರೆ ಇವರಲ್ಲಿ ಒಬ್ಬರನ್ನೂ ಕುರ್ಚಿಯ ಪಕ್ಕ ನಿಲ್ಲಿಸುತ್ತಿರಲಿಲ್ಲ. ಕಾದಂಬರಿಕಾರರು ನಿಲ್ಲಿಸಿದರು. ಆಲ್ಬಮ್ಮಿಗೂ ಸಾಹಿತ್ಯಕ್ಕೂ ಇರುವ ಅಂತರ ನನಗೆ ಅಲ್ಲಿಯೇ ಸರಿಯಾಗಿ ಅರ್ಥವಾದದ್ದು.

ಅಮೆರಿಕದ ಸೂಸನ್ ಸೊಂಟಾಗ್ ಎಂಬ ಲೇಖಕಿ 1977ರಲ್ಲಿ ಫೋಟೋಗ್ರಫಿಯ ಬಗ್ಗೆ ಒಂದು ಪುಸ್ತಕ ಬರೆದರು. ಒಟ್ಟು ಕುಟುಂಬ ಒಡೆಯತೊಡಗಿದ ಕಾಲದಲ್ಲೇ ಮನೆಮನೆಗೆ ಕ್ಯಾಮೆರಾ ಬಂತು, ಚದುರಿಹೋಗುತ್ತಿದ್ದವರನ್ನು ಕಾಗದದ ಮೇಲಾದರೂ ಒಟ್ಟಿಗೆ ಇಡಲು ಆಲ್ಬಂ ಬಂತು ಎಂಬ ಅರ್ಥದ ಮಾತು ಅದರಲ್ಲಿದೆ. ಅವರು ಬರೆದದ್ದು ಪಶ್ಚಿಮದ ಬಗ್ಗೆ. ನಮ್ಮ ಮನೆಗೂ ಅದು ಹೊಂದುತ್ತದೆ. ಅಜ್ಜನ ಕಾಲದಲ್ಲಿ ಇಪ್ಪತ್ತಾರು ಜನ ಒಂದೇ ಮನೆಯಲ್ಲಿದ್ದಾಗ ಒಂದು ಫೋಟೋವೂ ಇಲ್ಲ. ಪಾಲಾಗುವ ಮಾತು ಶುರುವಾದ ಮೇಲೆ ಅಪ್ಪಯ್ಯ ಅಗ್ಫಾ ಕ್ಲಿಕ್ 3 ಕೊಂಡ. ಬರೋಡಾದಲ್ಲಿ ತಯಾರಾಗುತ್ತಿದ್ದ ಕ್ಯಾಮೆರಾ. ಒಂದು ರೋಲಿಗೆ 12 ಚಿತ್ರ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ರೋಲನ್ನು ಸಾಗರದಿಂದ ತಂದರೆ ಒಂದು ವರ್ಷಕ್ಕೆ ಒಂದೇ ರೋಲು. ಆ ಕಾರ್ಖಾನೆಯೂ ಈಗ ಮುಚ್ಚಿಹೋಗಿದೆ. 12ರಲ್ಲಿ 4 ಹಾಳಾಗುತ್ತಿದ್ದವು. ಉಳಿದ 8ರಲ್ಲಿ ಹಸು, ಕರು, ಹೊಸ ಪಂಪುಸೆಟ್ಟು, ಅಜ್ಜ, ನೆಂಟರು. ಪಂಪುಸೆಟ್ಟಿನ ಎರಡು ಫೋಟೋಗಳಿವೆ. ಅಮ್ಮಮ್ಮನದು ಒಂದೂ ಇಲ್ಲ.

ನಾನು ಮಾತ್ರ ಬಹಳ ತಿಳಿದವಳು ಎಂದುಕೊಳ್ಳಬೇಡಿ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಗೆ ಪಾಠ ಮಾಡುವಾಗ ಹಳೆಯ ಕಾಲದ ಮಾತು ಬಂದು, ನನಗೆ ಉತ್ಸಾಹ ಹತ್ತಿ, "ನಮ್ಮ ಮನೆಯಲ್ಲಿ ಕೊಯ್ಲಿನ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಊಟ ಮಾಡುತ್ತಿದ್ದೆವು" ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಎಲ್ಲರೂ ಅಂದರೆ ಯಾರ್ಯಾರು ಟೀಚರ್?" ಎಂದಳು. ಕುಚೋದ್ಯವಲ್ಲ, ನಿಜವಾಗಿ ಕೇಳಿದಳು. ಗಂಡಸರು ಜಗುಲಿಯಲ್ಲಿ, ಆಮೇಲೆ ಹೆಂಗಸರು ಒಳಗೆ, ಕೆಲಸದವರು ಅಂಗಳದ ಆಚೆ ಚಪ್ಪರದಲ್ಲಿ ಬಾಳೆಲೆ ಹಾಕಿಕೊಂಡು. ಆ ಉತ್ತರವನ್ನು ಹೇಳಲು ನನಗೆ ನಾಲಗೆ ಬರಲಿಲ್ಲ. "ಕೂತ್ಕೋ, ಆಮೇಲೆ ಹೇಳ್ತೇನೆ" ಎಂದೆ. ಆಮೇಲೆ ಹೇಳಲಿಲ್ಲ.

ಅದೇ ತರಗತಿಗೆ ಆ ವಾರ 'ನಮ್ಮ ಮನೆಯ ಹಳೆಯ ಫೋಟೋ' ಎಂದು ಪ್ರಬಂಧ ಕೊಟ್ಟಿದ್ದೆ. ಅರ್ಧದಷ್ಟು ಮಕ್ಕಳ ಮನೆಯಲ್ಲಿ ತಂದೆತಾಯಿಯ ಮದುವೆಗಿಂತ ಹಿಂದಿನ ಫೋಟೋ ಇರಲೇ ಇಲ್ಲ. ಪ್ರಶ್ನೆ ಕೇಳಿದ ಹುಡುಗಿ ತಂದದ್ದು ಅಜ್ಜಿಯ ಮತದಾರರ ಗುರುತಿನ ಚೀಟಿ. 1993ರಲ್ಲಿ ಚುನಾವಣಾ ಆಯೋಗ ಈ ಚೀಟಿಯ ಪದ್ಧತಿ ತಂದಾಗ ನಾವು ಟೀಚರುಗಳು ಆ ಫೋಟೋಗಳನ್ನು ನೋಡಿ ನಕ್ಕಿದ್ದೇ ನಕ್ಕಿದ್ದು: ಮೂಗು ಎಲ್ಲೋ ಬಾಯಿ ಎಲ್ಲೋ, ಎಲ್ಲರೂ ಕಳ್ಳರ ಹಾಗೆ. ಈ ಹುಡುಗಿಯ ಅಜ್ಜಿ ತೀರಿಕೊಂಡಾಗ ಗೋಡೆಗೆ ಹಾಕಲು ಆ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದ್ದರಂತೆ. "ಅಜ್ಜಿ ಫೋಟೋ ತೆಗೆಸಿಕೊಂಡದ್ದು ಅದೊಂದೇ ಸಲ" ಎಂದು ಬರೆದಿದ್ದಳು. ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಆ ಒಂದು ಅಂಕ ಏಕೆ ಹಿಡಿದೆನೋ ಈಗಲೂ ಗೊತ್ತಿಲ್ಲ. ಕಾಗುಣಿತದ ತಪ್ಪಿತ್ತು ಎಂದು ಕಾಣುತ್ತದೆ.

ಈಗ ಇನ್ನೊಂದು ಫೋಟೋದ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದು ಅದಕ್ಕಾಗಿಯೇ.

ಅಮ್ಮನ ತವರು ಶರಾವತಿ ಕಣಿವೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ, ದೇವಸ್ಥಾನ ಎಲ್ಲ ನೀರಿನಡಿಗೆ ಹೋಯಿತು. 1948ರ ಮಡೆನೂರು ಅಣೆಕಟ್ಟನ್ನೇ ನುಂಗಿದ ನೀರು ಅದು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಹಳೆಯ ಅಣೆಕಟ್ಟಿನ ಗೋಡೆ ಮೇಲೆ ಬರುತ್ತದೆ, ನೋಡಲು ಜನ ಹೋಗುತ್ತಾರೆ. ಅಮ್ಮ ಒಮ್ಮೆಯೂ ಹೋಗಿಲ್ಲ. ಮುಳುಗಡೆಯವರ ಭೂಮಿ ಹಕ್ಕಿನ ತಕರಾರು ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದಾಗ ನಾನು ಅಮ್ಮನಿಗೆ ತೋರಿಸಿದ್ದೆ. ಅದರಲ್ಲಿ ನಾಗಿ ರಾತ್ರಿ ಹಗಲು ಒದ್ದಾಡಿ ಮನೆ ಉಳಿಸಿದರೆ, ಅವಳ ಗಂಡ ಎಲ್ಲ ದೇವರ ಕೃಪೆ ಎನ್ನುತ್ತಾನೆ. ಅಮ್ಮ ಅಲ್ಲಿ ಗಟ್ಟಿಯಾಗಿ ನಕ್ಕಿದ್ದಳು.

ಮನೆ ಬಿಡುವ ಮೊದಲು, 1963ರಲ್ಲಿ, ಅಮ್ಮನ ಅಪ್ಪ ಸಾಗರದಿಂದ ಫೋಟೋಗ್ರಾಫರನ್ನು ಕರೆಸಿ ಅಂಗಳದಲ್ಲಿ ಒಂದು ಫೋಟೋ ತೆಗೆಸಿದರು. ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ ಹೊದ್ದ ಪೆಟ್ಟಿಗೆ. ಹದಿನಾಲ್ಕು ಜನ. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಹಿಂದೆ, ಮಕ್ಕಳು ಚಾಪೆಯ ಮೇಲೆ. ಹಿಂದಿನ ಸಾಲಿನ ತುದಿಯಲ್ಲಿ ಹದಿನೆಂಟರ ಅಮ್ಮ. ಒಬ್ಬರೂ ನಗುತ್ತಿಲ್ಲ. ಚಿಕ್ಕಂದಿನಲ್ಲಿ ನಾವು ಅದನ್ನು "ಸೂತಕದ ಫೋಟೋ" ಎಂದು ತಮಾಷೆ ಮಾಡುತ್ತಿದ್ದೆವು. ಆ ಕಾಲದ ಫೋಟೋಗಳಲ್ಲಿ ಹಾಗೆಯೇ, ಉಸಿರು ಬಿಗಿಹಿಡಿದು ನಿಲ್ಲಬೇಕಿತ್ತು, ಒಂದೇ ಪ್ಲೇಟು, ದುಡ್ಡಿನ ಬಾಬತ್ತು ಎಂದು ಕಾರಣ ಹೇಳಬಹುದು. ಆದರೆ ಈಗ ಪಕ್ಕಪಕ್ಕ ಇಟ್ಟು ನೋಡಿದರೆ, ಕುಣಿಯುವ ನಗುವ ಬಣ್ಣದ ಸಿನಿಮಾಕ್ಕಿಂತ ಈ ಬಿಗಿದ ಮುಖದ ಫೋಟೋವೇ ಹೆಚ್ಚು ಸತ್ಯ ಹೇಳುತ್ತದೆ. ಅವರಿಗೆ ಗೊತ್ತಿತ್ತು, ತಾವು ಏಕೆ ನಿಂತಿದ್ದೇವೆ ಎಂದು.

ಆ ಫೋಟೋದಲ್ಲಿ ಎಣಿಸಿದರೆ ಹದಿನಾಲ್ಕು. ಅಮ್ಮ ಯಾವಾಗಲೂ ಹೇಳುವುದು ಹದಿನೈದು. ಹಿಂದೆ ತೆರೆದ ಬಾಗಿಲಿದೆ, ಬಾಗಿಲೊಳಗೆ ಕತ್ತಲು. ಕತ್ತಲಲ್ಲಿ ದಾರಂದಕ್ಕೆ ಒತ್ತಿಕೊಂಡು ಒಂದು ಮಸುಕು ಇದೆ. ಭೂತಗನ್ನಡಿ ಹಿಡಿದರೆ ಬೋಳಿಸಿದ ತಲೆಯ ಮೇಲೆ ಸೆರಗು, ಒಂದು ಕೈ, ಅರ್ಧ ಮುಖ. ಅಮ್ಮನ ಸೋದರತ್ತೆ. ಒಂಬತ್ತನೇ ವಯಸ್ಸಿಗೆ ಗಂಡ ಸತ್ತು ತವರಿಗೆ ಬಂದವಳು, ತಾಯಿಯಿಲ್ಲದ ಅಮ್ಮನನ್ನು ಎತ್ತಿ ಆಡಿಸಿ ಸಾಕಿದವಳು. ಬೆಳಗಿನ ಮೊದಲ ಹೊತ್ತಿಗೆ ಯಾರ ಕಣ್ಣಿಗೂ ಬೀಳಬಾರದವಳು, ಎಲ್ಲ ಕೆಲಸಕ್ಕೂ ಬೇಕಾದವಳು. "ಒಳಗೆ ಹೋಗು ಎಂದು ಯಾರು ಹೇಳಿದರು?" ಎಂದು ನಾನೊಮ್ಮೆ ಸಿಟ್ಟಿನಿಂದ ಕೇಳಿದ್ದೆ. ಅಮ್ಮ, "ಯಾರೂ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು" ಎಂದಳು. ಆದರೆ ಪೂರ್ತಿ ಒಳಗೂ ಹೋಗಲಿಲ್ಲ ನೋಡಿ. ಬಾಗಿಲಿಗೆ ಬಂದು ನಿಂತಳು. ಮನೆ ಬಿಟ್ಟು ಹೊಸ ಜಾಗಕ್ಕೆ ಹೋದ ಎರಡೇ ವರ್ಷಕ್ಕೆ ಸತ್ತಳು. ಅವಳದು ಬೇರೆ ಯಾವ ಫೋಟೋವೂ ಇಲ್ಲ.

ಈ ದೊಡ್ಡಹಬ್ಬಕ್ಕೆ ಅಳಿಯ ಅಮ್ಮನಿಗೆಂದು ಇನ್ನೊಂದು ಉಡುಗೊರೆ ತಂದಿದ್ದ. ಆ ಫೋಟೋವನ್ನು ಮೊಬೈಲಿನಲ್ಲಿ ತೆಗೆದು, ಪೇಟೆಯ ಒಂದು ಸ್ಟುಡಿಯೋಕ್ಕೆ ಕಳಿಸಿ, ಕಂಪ್ಯೂಟರಿನಲ್ಲಿ ದುರಸ್ತಿ ಮಾಡಿಸಿ, ಬಣ್ಣ ತುಂಬಿಸಿ, ಎರಡು ಅಡಿ ಅಗಲದ ಫ್ರೇಮು ಹಾಕಿಸಿದ್ದ. ಬೂಷ್ಟು ಇಲ್ಲ, ಬಿರುಕು ಇಲ್ಲ. ಗಂಡಸರ ಪಂಚೆ ಮಲ್ಲಿಗೆಯಂತೆ ಬಿಳಿ. ಹೆಂಗಸರಿಗೆ ಹಸಿರು, ನೀಲಿ, ಅರಿಸಿನ ಬಣ್ಣದ ಸೀರೆ. ಕೆನ್ನೆಗೆ ರಂಗು. ತುಟಿಯನ್ನು ಕೊಂಚ ತಿದ್ದಿದ್ದಾರೆಂದು ಕಾಣುತ್ತದೆ, ಇಬ್ಬರು ಮೂವರು ನಕ್ಕ ಹಾಗಿದೆ. ಎಲ್ಲರೂ ಹೊಗಳಿದರು. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಹೋದಳು. ನೇರ ಬಾಗಿಲಿನ ಮೇಲೆ ಬೆರಳಿಟ್ಟಳು. ಬಾಗಿಲೊಳಗೆ ನಯವಾದ ಕಂದು ಕತ್ತಲು, ಬೇರೇನೂ ಇಲ್ಲ.

"ಅತ್ತೆ ಎಲ್ಲಿ?" ಎಂದಳು.

ಅಳಿಯನಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಪಾಪ, ಅವನ ಮುಖ ಸಣ್ಣದಾಯಿತು. ಅಲ್ಲಿದ್ದದ್ದನ್ನು ಸ್ಟುಡಿಯೋದವರು ಕಲೆ ಎಂದುಕೊಂಡು ಅಳಿಸಿದ್ದಾರೆ. ಅವರನ್ನಾದರೂ ಬೈಯುವುದು ಹೇಗೆ? ಕಲೆ ತೆಗೆಯಿರಿ ಎಂದೇ ನಾವು ಕೊಟ್ಟದ್ದು. ಅಣ್ಣ ಮಾತ್ರ, "ಅದರಲ್ಲಿ ಯಾರೆಂದು ಗೊತ್ತಾಗುತ್ತಿರಲಿಲ್ಲವಲ್ಲ, ಬಿಡು" ಎಂದ. ನನಗೆ ರೇಗಿತು. ಯಾರೆಂದು ಗೊತ್ತಿದ್ದ ಒಬ್ಬಳು ಅಲ್ಲೇ ಕೂತಿದ್ದಳು. ಹಬ್ಬದ ದಿನ ಅಣ್ಣ-ತಂಗಿ ಜೋರಾಗಿ ಮಾತಾಡಿದೆವು. ಅತ್ತಿಗೆ ಮಧ್ಯೆ ಬಂದು ಕಾಫಿ ಕೊಟ್ಟು ಸುಮ್ಮನಾಗಿಸಿದಳು.

ಹಳೆಯದನ್ನು ಪ್ರೀತಿಸಬೇಡಿ ಎನ್ನುವವಳಲ್ಲ ನಾನು. ಆದರೆ ಈಗ ಮನೆಮನೆಯಲ್ಲಿ ನಡೆಯುತ್ತಿರುವ ಈ ಬಣ್ಣ ತುಂಬುವ ಕೆಲಸದ ಬಗ್ಗೆ ನನ್ನ ಆಕ್ಷೇಪ ಇದೆ. 1963ರ ಹೆಂಗಸಿನ ಸೀರೆ ಯಾವ ಬಣ್ಣದ್ದೆಂದು ಕಂಪ್ಯೂಟರಿಗೆ ಗೊತ್ತಿಲ್ಲ, ಊಹಿಸಿ ತುಂಬುತ್ತದೆ. ಆ ಊಹೆ ಗೋಡೆಯ ಮೇಲೆ ಕೂತು ಹತ್ತು ವರ್ಷದಲ್ಲಿ ನೆನಪಾಗುತ್ತದೆ. ಮೂಲ ಪ್ರತಿ ಹಳೇ ಪೇಪರಿನ ಜೊತೆ ರದ್ದಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಇಂಥದನ್ನು ಮಾಡಿಸುವುದಿದ್ದರೆ, ಮಾಡಿಸಿ, ಬೇಡ ಎನ್ನುವುದಿಲ್ಲ. ಹಳೆಯ ಪ್ರತಿಯನ್ನು ಮಾತ್ರ ಕೈಬಿಡಬೇಡಿ. ನಮ್ಮ ಮಳೆನಾಡಿನ ತಂಪಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸಿ ತೂಗುಹಾಕುವುದಕ್ಕಿಂತ ಒಣ ಜಾಗದಲ್ಲಿ, ಕಾಗದದ ಲಕೋಟೆಯಲ್ಲಿಟ್ಟು, ಬೆಳಕು ತಾಗದಂತೆ ಟ್ರಂಕಿನಲ್ಲಿಡುವುದು ವಾಸಿ. ಹಿಂದುಗಡೆ ಮೆತ್ತಗಿನ ಪೆನ್ಸಿಲಿನಲ್ಲಿ ಎಲ್ಲರ ಹೆಸರು ಬರೆಯಿರಿ. ಎಲ್ಲರ ಎಂದರೆ ಎಲ್ಲರ. ಬರೆಸಲು ಮನೆಯ ಹಿರಿಯ ಹೆಂಗಸನ್ನೇ ಕೇಳಿ. ಗಂಡಸರಿಗೆ ಕುರ್ಚಿಯಲ್ಲಿ ಕೂತವರ ಹೆಸರು ಮಾತ್ರ ನೆನಪಿರುತ್ತದೆ.

ಮೂಲ ಫೋಟೋವನ್ನು ಅಮ್ಮ ನನ್ನ ಕೈಗೆ ಕೊಟ್ಟಿದ್ದಾಳೆ. ಅವಳ ಪೆಟ್ಟಿಗೆಯಲ್ಲಿ ಮದುವೆ ಸೀರೆಯ ಮಡಿಕೆಯೊಳಗಿತ್ತು. ಹಿಂದೆ ಹದಿನೈದು ಹೆಸರು ಬರೆದಾಯಿತು. ಹದಿನೈದನೆಯದನ್ನು ಹೇಳುವಾಗ ಅಮ್ಮ ಸ್ವಲ್ಪ ತಡೆದಳು. ಸೋದರತ್ತೆಯ ನಿಜವಾದ ಹೆಸರನ್ನು ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲವಂತೆ. ನೆನಪು ಮಾಡಿಕೊಂಡು ಸಂಜೆ ಹೇಳಿದಳು.

ಅಳಿಯ ಬೇಸಿಗೆ ರಜೆಯಲ್ಲಿ ಬಂದು ಮೂಲ ಪ್ರತಿಯನ್ನೇ ಸರಿಯಾದ ಸ್ಕ್ಯಾನರಿನಲ್ಲಿ ತೆಗೆಸಿ, ಬಣ್ಣವಿಲ್ಲದೆ, ಏನನ್ನೂ ಅಳಿಸದೆ ಮಾಡಿಸಿಕೊಡುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಆ ದೊಡ್ಡ ಫ್ರೇಮು ತವರಿನ ಜಗುಲಿಯಲ್ಲೇ ಇರುತ್ತದೆ. ಅಣ್ಣ ಮೊಳೆ ಹೊಡೆದುಬಿಟ್ಟಿದ್ದಾನೆ. ಅಮ್ಮ ಮೊನ್ನೆ ಫೋನು ಮಾಡಿದಾಗ ಇನ್ನೊಂದು ತಕರಾರು ಹೇಳಿದಳು. ಅವಳು ಅಂದು ಉಟ್ಟ ಸೀರೆ ಹಸಿರಲ್ಲವಂತೆ, ಕಾಫಿಪುಡಿ ಬಣ್ಣದ್ದಂತೆ, ಅದೂ ಅವಳದಲ್ಲ, ಚಿಕ್ಕಮ್ಮನದನ್ನು ಕೇಳಿ ಉಟ್ಟದ್ದಂತೆ.